ಆಕಾಶದಿಂದ ಧುಮುಕುವ ವಿದ್ಯೆ: ಒಂದು ಪ್ರಥಮಾನುಭವ

ಶ್ರೀಮಠದ ಆಶ್ರಯದಲ್ಲಿ ನಡೆದು ಬಂದಿರುವ ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ವಿಜ್ಞಾನ ಸಂಬಂಧವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಮೂವತ್ತಮೂರು ವರ್ಷ ಇಲ್ಲಿಯೇ ಸೀಮೆಸುಣ್ಣ ಹಿಡಿದಿದ್ದ ನನಗೆ ವಿಷಯದ ಕೊರತೆಯೇನೂ ಇರಲಿಲ್ಲ. ಆದರೆ ನಾನು ಸೂಚಿಸಿದ ವಿಷಯವನ್ನು ಕೇಳಿ ಮಂಡಲಿಯ ಹಿರಿಯರೊಬ್ಬರು ನಕ್ಕುಬಿಟ್ಟರು. ನಿವೃತ್ತ ಮೇಷ್ಟ್ರೊಬ್ಬ ಪರದೇಶದಲ್ಲಿ ವಿಮಾನದಿಂದ ಧುಮುಕಿದ ಸಮಾಚಾರ ಮಠದ ಸಂಚಿಕೆಗೆ ಒಪ್ಪುವುದೆ ಎಂಬುದು ಅವರ ಶಂಕೆ. ಒಪ್ಪುವುದೋ ಇಲ್ಲವೋ ಎಂಬುದನ್ನು ವಾಚಕರೇ ನಿರ್ಣಯಿಸಲಿ. ಸಾಹಸವನ್ನು ಮೆರೆಸುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಈ ಶಾಲೆಯ ಒಬ್ಬ ವಿದ್ಯಾರ್ಥಿಗೆ ನನ್ನ ಕೆಂಪು ಶಾಯಿಯಿಂದ ಆದ ಒಂದು ಅನ್ಯಾಯವನ್ನು ಒಪ್ಪಿಕೊಳ್ಳುವುದಕ್ಕೂ ಇದೇ ತಕ್ಕ ಸ್ಥಳವೆಂದು ನನಗೆ ತೋರಿತು.

1991ರ ವಾರ್ಷಿಕ ಪರೀಕ್ಷೆ. ಒಂಬತ್ತನೆಯ ತರಗತಿಯ ವಿಜ್ಞಾನ ಪತ್ರಿಕೆಯಲ್ಲಿ ನಾನೇ ಒಂದು ಪ್ರಶ್ನೆಯನ್ನು ಹಾಕಿದ್ದೆ: ಬಹಳ ಎತ್ತರದಿಂದ ಬೀಳುವ ವಸ್ತುವಿನ ವೇಗವು ನೆಲ ಮುಟ್ಟುವವರೆಗೆ ಹೇಗೆ ಬದಲಾಗುತ್ತದೆ? ಎರಡು ಅಂಕ. ನಿರೀಕ್ಷಿತ ಉತ್ತರ ಸುಲಭವಾದುದು. ಪ್ರತಿ ಸೆಕೆಂಡಿಗೆ ಸುಮಾರು 9.8 ಮೀಟರಿನಂತೆ ವೇಗ ಹೆಚ್ಚುತ್ತಲೇ ಹೋಗುತ್ತದೆ. ಒಬ್ಬ ಹುಡುಗನು ಮಾತ್ರ ಬೇರೆಯಾಗಿ ಬರೆದಿದ್ದನು. ಮೊದಲು ವೇಗ ಹೆಚ್ಚುತ್ತದೆ, ಆಮೇಲೆ ಗಾಳಿ ಹಿಡಿದುಕೊಳ್ಳುವುದರಿಂದ ಹೆಚ್ಚುವುದಿಲ್ಲ, ಮಳೆಹನಿಯೂ ಹಾಗೆಯೇ ಬೀಳುತ್ತದೆ, ಇಲ್ಲದಿದ್ದರೆ ಮಳೆ ನಮ್ಮ ತಲೆಯನ್ನು ತೂತು ಮಾಡುತ್ತಿತ್ತು ಎಂಬುದು ಅವನ ಉತ್ತರದ ಸಾರ. ನಾನು ಅದರ ಮೇಲೆ ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ. ಅವನಿಗೆ ವಿಜ್ಞಾನದಲ್ಲಿ ಬಂದದ್ದು 33. ಉತ್ತೀರ್ಣನಾಗಲು 35 ಬೇಕಾಗಿತ್ತು. ಗಣಿತದಲ್ಲಿಯೂ ಅವನು ಹಿಂದುಳಿದಿದ್ದನು. ಆದುದರಿಂದ ಆ ಎರಡು ಅಂಕಗಳು ಅವನನ್ನು ಉಳಿಸುತ್ತಿದ್ದವೆಂದು ಹೇಳಲಾರೆ, ಉಳಿಸುತ್ತಿರಲಿಲ್ಲವೆಂದೂ ಹೇಳಲಾರೆ. ಆ ಬೇಸಗೆಯ ನಂತರ ಅವನು ಶಾಲೆಗೆ ಬರಲಿಲ್ಲ. ತಂದೆಯ ಹೊಲದಲ್ಲಿ ನಿಂತನು.

ಪಠ್ಯಪುಸ್ತಕದಲ್ಲಿ ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂಬ ಒಂದು ಸಾಲು ಇತ್ತು. ಪಾಠ ಮಾಡುವಾಗ ಆ ಸಾಲನ್ನು ನಾನು ಓದಿ ಹೇಳುತ್ತಿದ್ದೆ. ಪ್ರಶ್ನೆಯನ್ನು ಹಾಕುವಾಗ ಮರೆತಿದ್ದೆ. ಹುಡುಗನ ಉತ್ತರವೇ ಸರಿಯೆಂದು ಕೆಲವು ವರ್ಷಗಳ ಬಳಿಕ ಬೇರೊಂದು ಪುಸ್ತಕವನ್ನು ಓದುವಾಗ ತಿಳಿಯಿತು. ಆದರೆ ಓದಿ ತಿಳಿದುದು ಒಂದು ಬಗೆ, ಮೈಯಿಂದ ತಿಳಿದುದು ಇನ್ನೊಂದು ಬಗೆ. ಎರಡನೆಯದು ನನಗೆ ಒದಗಿದ್ದು ಅರವತ್ತೊಂದನೆಯ ವಯಸ್ಸಿನಲ್ಲಿ, 2019ರ ಫೆಬ್ರವರಿಯಲ್ಲಿ, ನ್ಯೂಜಿಲೆಂಡಿನ ಟೌಪೋ ಎಂಬ ಊರಿನ ಮೇಲೆ.

ಅಲ್ಲಿಗೆ ಹೋದ ಬಗೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಆಕ್ಲೆಂಡ್ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ನಿವೃತ್ತಿಯ ಸಂತೋಷಕ್ಕಾಗಿ ನನ್ನನ್ನು ಕರೆಸಿಕೊಂಡರು. ಒಂದು ವಾರ ಅವರ ಮನೆಯಲ್ಲಿದ್ದು, ಬಳಿಕ ಅವರದೇ ಹಳೆಯ ಬೆನ್ನುಚೀಲವನ್ನು ಹೊತ್ತು ಬಸ್ಸಿನಲ್ಲಿ ದೇಶ ಸುತ್ತಲು ಹೊರಟೆ. ಹೀಗೆ ಬೆನ್ನಿಗೆ ಚೀಲ ಬಿಗಿದು, ಅಗ್ಗದ ವಸತಿಗಳಲ್ಲಿ ತಂಗಿ, ತಿಂಗಳುಗಟ್ಟಲೆ ತಿರುಗುವ ತರುಣರು ಆ ದೇಶದಲ್ಲಿ ಎಲ್ಲೆಲ್ಲಿಯೂ ಕಾಣಸಿಗುತ್ತಾರೆ. ಒಂದು ಕೋಣೆಯಲ್ಲಿ ಆರೆಂಟು ಮಂಚ, ಎಲ್ಲರಿಗೂ ಸೇರಿದ ಒಂದು ಅಡುಗೆಮನೆ. ನಮ್ಮ ಚರಜಂಗಮರ ಜೋಳಿಗೆಯನ್ನು ನೆನೆದವರಿಗೆ ಇದು ಹೊಸತೆನಿಸದು. ಜೋಳಿಗೆಯ ತೂಕ ಮಾತ್ರ ಹನ್ನೊಂದು ಕಿಲೋ. ಶಾಕಾಹಾರಿಗಳಿಗೆ ಆ ಅಡುಗೆಮನೆ ದೊಡ್ಡ ಉಪಕಾರ. ಇಲ್ಲಿಂದ ಹೊರಡುವವರಿಗೆ ಒಂದು ಮಾತು: ಕೊಂಡೊಯ್ದ ಹಿಟ್ಟು, ಚಟ್ನಿಪುಡಿ ಮೊದಲಾದ ಪ್ರತಿಯೊಂದು ತಿನಿಸನ್ನೂ ಆ ದೇಶದ ಅಧಿಕಾರಿಗಳ ಮುಂದೆ ತಪ್ಪದೆ ಘೋಷಿಸಬೇಕು. ಅವರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

ಟೌಪೋ ಊರು ಅದೇ ಹೆಸರಿನ ಸರೋವರದ ದಂಡೆಯಲ್ಲಿದೆ. ಸರೋವರದ ವಿಸ್ತಾರ ಸುಮಾರು 616 ಚದರ ಕಿಲೋಮೀಟರು; ಅದು ಪುರಾತನ ಜ್ವಾಲಾಮುಖಿಯೊಂದು ಸಿಡಿದು ಕುಸಿದು ಆದ ಬೋಗುಣಿ. ದಕ್ಷಿಣಕ್ಕೆ 2,797 ಮೀಟರ್ ಎತ್ತರದ ರುಆಪೆಹು ಪರ್ವತ. ಈ ಊರಿನ ಪುಟ್ಟ ವಿಮಾನ ನಿಲ್ದಾಣದಿಂದ ಪ್ರವಾಸಿಗಳನ್ನು ಮೇಲಕ್ಕೆ ಕೊಂಡೊಯ್ದು ಪ್ಯಾರಾಚೂಟಿನಲ್ಲಿ ಇಳಿಸುವುದು ಅಲ್ಲಿಯ ಒಂದು ಪ್ರಸಿದ್ಧ ವ್ಯವಹಾರ. ನನ್ನ ಕೋಣೆಯಲ್ಲಿದ್ದ ಇಬ್ಬರು ತರುಣರು ಮರುದಿನ ಹೋಗುವವರಿದ್ದರು. ಬೀಳುವಾಗ ಹೊಟ್ಟೆಯಲ್ಲಿ ಏನಾಗುತ್ತದೆಂದು ನಾನು ಕೇಳಿದೆ. ಹಿಂದೊಮ್ಮೆ ಧುಮುಕಿದ್ದ ಅವರಲ್ಲೊಬ್ಬನು, ಬೀಳುತ್ತಿದ್ದೇನೆಂದು ಅನ್ನಿಸುವುದೇ ಇಲ್ಲ, ಗಾಳಿಯ ಮೇಲೆ ಮಲಗಿದಂತಿರುತ್ತದೆ ಎಂದು ಉತ್ತರಿಸಿದನು. ಆ ರಾತ್ರಿ ನನಗೆ ಇಪ್ಪತ್ತೆಂಟು ವರ್ಷಗಳ ಹಿಂದಿನ ಉತ್ತರಪತ್ರಿಕೆ ಕಣ್ಣಮುಂದೆ ಬಂದಿತು. ಬೆಳಿಗ್ಗೆ ಎದ್ದು ನಾನೂ ಹೆಸರು ಬರೆಸಿದೆ.

ಇಲ್ಲಿ ಈ ವಿದ್ಯೆಯ ಹಿನ್ನೆಲೆಯನ್ನು ಸ್ವಲ್ಪ ತಿಳಿಯುವುದು ಉಚಿತ. 1797ರ ಅಕ್ಟೋಬರ್ 22ರಂದು ಪ್ಯಾರಿಸ್ ನಗರದಲ್ಲಿ ಆಂದ್ರೆ ಜಾಕ್ ಗಾರ್ನರಾಂ ಎಂಬಾತನು ಬೆಲೂನಿನಲ್ಲಿ ಮೇಲೇರಿ, ಕೊಡೆಯಾಕಾರದ ಬಟ್ಟೆಗೆ ತೂಗುಹಾಕಿದ ಬುಟ್ಟಿಯಲ್ಲಿ ಕುಳಿತು ಕೆಳಗಿಳಿದನು. ಬಟ್ಟೆಯಲ್ಲಿ ಗಾಳಿ ಹೊರಹೋಗಲು ರಂಧ್ರವಿರಲಿಲ್ಲವಾದ್ದರಿಂದ ಬುಟ್ಟಿ ತೊಟ್ಟಿಲಿನಂತೆ ತೂಗಾಡಿತಂತೆ. ಮುಂದೆ ನೆತ್ತಿಯಲ್ಲಿ ರಂಧ್ರವಿಟ್ಟು ಈ ದೋಷವನ್ನು ಸರಿಪಡಿಸಿದರು. ನೂರು ವರ್ಷ ತುಂಬುವ ಮೊದಲೇ, 1890ರಲ್ಲಿ, ಕಲ್ಕತ್ತೆಯ ರಾಮಚಂದ್ರ ಚಟರ್ಜಿ ಎಂಬ ಬಂಗಾಳಿ ವೀರನು ಬೆಲೂನಿನಿಂದ ಪ್ಯಾರಾಚೂಟಿನಲ್ಲಿ ಇಳಿದನೆಂಬುದನ್ನು ನಮ್ಮವರು ಮರೆತೇಬಿಟ್ಟಿದ್ದಾರೆ. ವಿಮಾನಗಳು ಬಂದ ಮೇಲೆ ಪ್ಯಾರಾಚೂಟು ಮುಖ್ಯವಾಗಿ ಸೈನಿಕರ ಸಾಧನವಾಯಿತು. ಭಾರತದಲ್ಲಿ 50ನೆಯ ಪ್ಯಾರಾಚೂಟ್ ಬ್ರಿಗೇಡ್ ಸ್ಥಾಪನೆಯಾದುದು 1941ರಲ್ಲಿ. ಅದರ ವೈದ್ಯಾಧಿಕಾರಿ ಎ. ಜಿ. ರಂಗರಾಜ್ ಹಾಗೂ ಹವಾಲ್ದಾರ್ ಮೇಜರ್ ಮಥುರಾ ಸಿಂಗ್ ಇವರೀರ್ವರು ಸೈನಿಕರಾಗಿ ಹಾರಿದ ಭಾರತೀಯರಲ್ಲಿ ಮೊದಲಿಗರು.

ದುಂಡು ಕೊಡೆಯು ಕೇವಲ ತಡೆಯುತ್ತದೆ. ಎತ್ತ ಹೋಗಬೇಕೆಂಬುದನ್ನು ಗಾಳಿಯೇ ನಿರ್ಧರಿಸುತ್ತದೆ. ಅಮೆರಿಕದ ಡೊಮಿನಾ ಜಾಲ್ಬರ್ಟ್ ಎಂಬ ಗಾಳಿಪಟ ತಜ್ಞನು 1964ರಲ್ಲಿ ರೂಪಿಸಿದ ಹೊಸ ಬಗೆ ಈ ಪರಾಧೀನತೆಯನ್ನು ತಪ್ಪಿಸಿತು. ಎರಡು ಪದರ ಬಟ್ಟೆ, ನಡುವೆ ಉದ್ದುದ್ದವಾದ ಗೂಡುಗಳು, ಮುಂದಿನ ಅಂಚಿನಲ್ಲಿ ತೆರೆದ ಬಾಯಿಗಳು. ಗಾಳಿ ಒಳನುಗ್ಗಿ ಗೂಡುಗಳು ಉಬ್ಬಿದಾಗ ಸಾಲಾಗಿ ಹೊಲಿದ ದಿಂಬುಗಳಂತಹ ಒಂದು ರೆಕ್ಕೆಯೇ ಸಿದ್ಧವಾಗುತ್ತದೆ. ಎಡಬಲದ ದಾರಗಳನ್ನು ಎಳೆದು ಅದನ್ನು ಬೇಕಾದ ಕಡೆಗೆ ತಿರುಗಿಸಬಹುದು, ನೆಲದ ಸಮೀಪದಲ್ಲಿ ಎರಡನ್ನೂ ಒಟ್ಟಿಗೆ ಜಗ್ಗಿ ನಿಧಾನಿಸಬಹುದು.

ಆದರೂ ಹೊಸಬನೊಬ್ಬನು ಆಕಾಶವನ್ನು ಕಾಣಬೇಕಾದರೆ ಇಡೀ ದಿನ ನೆಲದ ಮೇಲೆ ತರಬೇತಿ ಪಡೆದು, ಒಬ್ಬನೇ ಹಾರಬೇಕಾಗಿತ್ತು. ಹಗ್ಗದ ಒಂದು ತುದಿ ವಿಮಾನಕ್ಕೆ ಕಟ್ಟಿರುತ್ತಿದ್ದುದರಿಂದ ಹಾರಿದೊಡನೆ ಪ್ಯಾರಾಚೂಟು ಬಿಚ್ಚಿಕೊಳ್ಳುತ್ತಿತ್ತು. ಮುಕ್ತ ಪತನದ ಅನುಭವವೇ ಇಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಟೆಡ್ ಸ್ಟ್ರಾಂಗ್ ಹಾಗೂ ಬಿಲ್ ಬೂತ್ ಎಂಬ ಇಬ್ಬರು ತಯಾರಕರು ಇಬ್ಬರನ್ನು ಹೊರಬಲ್ಲ ದೊಡ್ಡ ಪ್ಯಾರಾಚೂಟನ್ನು ಸಿದ್ಧಪಡಿಸಿದರು. ಅಲ್ಲಿಯ ಸರ್ಕಾರ 1984ರಲ್ಲಿ ಪ್ರಯೋಗಕ್ಕೆಂದು ವಿನಾಯಿತಿ ಕೊಟ್ಟು, ಹದಿನೇಳು ವರ್ಷ ನೋಡಿ, 2001ರಲ್ಲಿ ಸಾಮಾನ್ಯ ನಿಯಮವನ್ನಾಗಿ ಮಾಡಿತು. ಇದೇ ಟ್ಯಾಂಡೆಮ್, ಎಂದರೆ ಜೋಡಿ ಜಿಗಿತ. ಬೋಧಕನ ಎದೆಗೆ ಹೊಸಬನ ಬೆನ್ನನ್ನು ನಾಲ್ಕು ಉಕ್ಕಿನ ಕೊಂಡಿಗಳಿಂದ ಬಂಧಿಸುತ್ತಾರೆ. ಎರಡೆರಡು ಭುಜಗಳ ಬಳಿ, ಎರಡೆರಡು ಸೊಂಟದ ಬಳಿ. ಪ್ಯಾರಾಚೂಟುಗಳು ಬೋಧಕನ ಬೆನ್ನ ಮೇಲಿರುತ್ತವೆ. ಬಹುವಚನವನ್ನು ತಿಳಿದೇ ಬಳಸಿದ್ದೇನೆ: ಮುಖ್ಯವಾದುದು ಒಂದು, ಮೀಸಲು ಇನ್ನೊಂದು. ಇವುಗಳ ಜೊತೆಗೆ ಒಂದು ಚಿಕ್ಕ ಯಂತ್ರವೂ ಉಂಟು. ಸುಮಾರು 1,900 ಅಡಿ ಎತ್ತರಕ್ಕೆ ಬಂದ ಮೇಲೂ ಜೋಡಿಯು ವೇಗವಾಗಿಯೇ ಬೀಳುತ್ತಿದ್ದರೆ, ಬೋಧಕನು ಪ್ರಜ್ಞೆ ತಪ್ಪಿದ್ದರೂ ಸರಿಯೆ, ಅದು ತಾನಾಗಿಯೇ ಮೀಸಲು ಪ್ಯಾರಾಚೂಟಿನ ಕಟ್ಟನ್ನು ಕತ್ತರಿಸಿ ಬಿಡಿಸುತ್ತದೆ.

ನಿಲ್ದಾಣದ ಕೊಟ್ಟಿಗೆಯಲ್ಲಿ ಪ್ಯಾರಾಚೂಟುಗಳನ್ನು ಮಡಿಸುವವರನ್ನು ನಾನು ಅರ್ಧ ಗಂಟೆ ನೋಡುತ್ತ ನಿಂತಿದ್ದೆ. ಒಬ್ಬ ತರುಣಿ ನೆಲದ ಮೇಲೆ ಮಂಡಿಯೂರಿ, ದಾರಗಳನ್ನು ಒಂದೊಂದಾಗಿ ಎಣಿಸಿ ಬಿಡಿಸಿ, ಬಟ್ಟೆಯ ಮಡಿಕೆಗಳನ್ನು ಪುಸ್ತಕದ ಹಾಳೆಗಳಂತೆ ಜೋಡಿಸಿ, ಮೈಭಾರವನ್ನೆಲ್ಲ ಹಾಕಿ ಒಳಗಿನ ಗಾಳಿಯನ್ನು ಹೊರಗಟ್ಟಿ, ಚೀಲಕ್ಕೆ ತುಂಬುತ್ತಿದ್ದಳು. ಪಕ್ಕದಲ್ಲಿ ಹಾಡು ಕೇಳಿಬರುತ್ತಿತ್ತು, ಸಂಗಡಿಗರು ಹರಟುತ್ತಿದ್ದರು. ಅವಳ ಕೈ ಮಾತ್ರ ಒಮ್ಮೆಯೂ ಅವಸರಪಡಲಿಲ್ಲ. ತಾನು ಕಾಣದ ಯಾರೋ ಒಬ್ಬರ ಜೀವ ಆ ಮಡಿಕೆಗಳಲ್ಲಿದೆ. ಅದನ್ನು ಕಾಯಕವೆನ್ನದೆ ಬೇರೆ ಹೆಸರಿನಿಂದ ಕರೆಯಲು ನನಗೆ ತೋಚಲಿಲ್ಲ. ಮೀಸಲು ಪ್ಯಾರಾಚೂಟನ್ನು ಇವರೂ ಮುಟ್ಟುವಂತಿಲ್ಲ. ಅದಕ್ಕೆ ಪ್ರತ್ಯೇಕ ಅರ್ಹತೆ ಪಡೆದ ತಜ್ಞರು ಬೇಕು. ಅಮೆರಿಕದ ನಿಯಮದಂತೆ ಅದನ್ನು ಬಳಸಿರಲಿ ಬಿಡಲಿ 180 ದಿನಗಳಿಗೊಮ್ಮೆ ಬಿಚ್ಚಿ ಪರೀಕ್ಷಿಸಿ ಮತ್ತೆ ಮಡಿಸಬೇಕು.

ಇನ್ನು ನಮ್ಮ ಸಮಾಜದ ವಾಚಕರು ಕೇಳಬಹುದಾದ ಒಂದು ವಿಷಯ. ಹಾರುವ ಮುನ್ನ ಜೇಬುಗಳನ್ನು ಬರಿದುಮಾಡಿ, ಕೊರಳಲ್ಲಿರುವುದೆಲ್ಲವನ್ನೂ ತೆಗೆದಿಡಬೇಕೆಂದು ಅಲ್ಲಿ ಬರೆದು ಹಾಕಿದ್ದರು. ನನ್ನ ಕೊರಳಲ್ಲಿ ಶಿವದಾರ, ಎದೆಯ ಮೇಲೆ ಬೆಳ್ಳಿಯ ಕರಡಿಗೆ. ದೀಕ್ಷೆಯಾದ ದಿನದಿಂದ ಇಷ್ಟಲಿಂಗವನ್ನು ಅಂಗದಿಂದ ಅಗಲಿಸಿದವನಲ್ಲ. ಹರದನಹಳ್ಳಿಯಂತಹ ಕ್ಷೇತ್ರದಲ್ಲಿ, ಗೋಸಲ ಚನ್ನಬಸವೇಶ್ವರರು ತೋಂಟದ ಸಿದ್ಧಲಿಂಗ ಯತಿಗಳಂತಹ ಶಿಷ್ಯರನ್ನು ಪಡೆದ ನೆಲದಲ್ಲಿ ಬೆಳೆದವನು, ನಲವತ್ತೈದು ಸೆಕೆಂಡುಗಳ ಕುತೂಹಲಕ್ಕಾಗಿ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಲೆ? ತೆಗೆಯಲೇಬೇಕಾದರೆ ನಾನು ಹಾರುವುದಿಲ್ಲವೆಂದು ಬೋಧಕನಿಗೆ ತಿಳಿಸಿದೆ. ಕಟ್ಟಿದ ಹಣ ಹೋದರೆ ಹೋಗಲಿ ಎಂದು ಮನಸ್ಸಿನಲ್ಲಿ ನಿಶ್ಚಯಿಸಿಯೂ ಆಗಿತ್ತು.

ಅವನು ವಾದ ಮಾಡಲಿಲ್ಲ. ಇದೇನೆಂದು ಕೇಳಿದನು, ಎರಡು ಮಾತಿನಲ್ಲಿ ಹೇಳಿದೆ. ನಿಯಮಕ್ಕೆ ಕಾರಣವೇನೆಂಬುದನ್ನು ಅವನೂ ಎರಡು ಮಾತಿನಲ್ಲಿ ಹೇಳಿದನು. ಕೊರಳ ದಾರ ಗಾಳಿಗೆ ಮೇಲೆದ್ದು ಮುಖಕ್ಕೋ ಪಟ್ಟಿಗೋ ಸಿಕ್ಕಿಕೊಳ್ಳಬಹುದು ಎಂಬುದು ಒಂದು. ಎದೆಪಟ್ಟಿಯ ಕೆಳಗೆ ಗಟ್ಟಿಯಾದ ಲೋಹವಿದ್ದರೆ ಪ್ಯಾರಾಚೂಟು ಬಿಚ್ಚಿಕೊಳ್ಳುವ ಕ್ಷಣದಲ್ಲಿ ಪಕ್ಕೆಲುಬಿಗೆ ಪೆಟ್ಟಾಗಬಹುದು ಎಂಬುದು ಇನ್ನೊಂದು. ನಮ್ಮ ಆಚಾರಕ್ಕೂ ಅವನ ಆಕ್ಷೇಪಣೆಗೂ ವಿರೋಧವೇ ಇಲ್ಲವೆಂಬುದು ಆಗ ತಿಳಿಯಿತು. ಲಿಂಗವನ್ನು ತೋಳಿನಲ್ಲಿ ಧರಿಸುವುದೂ ನಮ್ಮಲ್ಲಿ ರೂಢಿಯಲ್ಲಿರುವುದೇ. ಬೆಳ್ಳಿಯ ಕರಡಿಗೆಯನ್ನು ಮಾತ್ರ ತೆಗೆದಿಟ್ಟು, ಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿ ಎಡರಟ್ಟೆಗೆ ಬಿಗಿದು ಕಟ್ಟಿದೆ. ಮೇಲೆ ಅಂಗಿಯ ತೋಳು, ಅದರ ಮೇಲೆ ಅವರು ಕೊಟ್ಟ ದಪ್ಪ ನಿಲುವಂಗಿ. ಅವನು ತನ್ನ ಉಕ್ಕಿನ ಕೊಂಡಿಗಳನ್ನು ಪರೀಕ್ಷಿಸಿದಷ್ಟೇ ಶ್ರದ್ಧೆಯಿಂದ ಆ ಗಂಟನ್ನೂ ಎರಡು ಸಲ ಜಗ್ಗಿ ನೋಡಿದನು. ಉದ್ಯೋಗಕ್ಕಾಗಿ ವಿದೇಶಗಳಿಗೆ ಹೋಗುವ ನಮ್ಮ ಹುಡುಗರು ಇಂತಹ ಸಂದರ್ಭಗಳಲ್ಲಿ ಒಂದೋ ಮರೆಮಾಚುತ್ತಾರೆ, ಇಲ್ಲವೆ ಜಗಳವಾಡುತ್ತಾರೆ. ಕಾರಣವೇನೆಂದು ಕೇಳುವ ಮೂರನೆಯ ದಾರಿಯೂ ಇದೆಯೆಂಬುದು ನನ್ನ ಅನುಭವ.

ವಿಮಾನವು 12,000 ಅಡಿಗೆ ಏರಲು ಸುಮಾರು ಕಾಲು ಗಂಟೆ ಹಿಡಿಯಿತು. 12,000 ಅಡಿ ಎಂದರೆ 3,660 ಮೀಟರು. ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಸಮುದ್ರಮಟ್ಟದಿಂದ 1,454 ಮೀಟರು. ಅಂತಹ ಎರಡೂವರೆ ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟಂತಾಯಿತು. ಮೇಲೇರಿದಂತೆ ಚಳಿಯೂ ಏರುತ್ತದೆ. ನೆಲಕ್ಕಿಂತ ಅಲ್ಲಿ ಇಪ್ಪತ್ತು ಡಿಗ್ರಿಗೂ ಮಿಕ್ಕಿ ತಂಪು. ವಿಮಾನದಲ್ಲಿ ಕುರ್ಚಿಗಳಿಲ್ಲ. ಉದ್ದನೆಯ ಹಲಗೆಗಳ ಮೇಲೆ, ಒಬ್ಬರ ಮಡಿಲಲ್ಲಿ ಇನ್ನೊಬ್ಬರು ಕುಳಿತಂತೆ, ಎಲ್ಲರೂ ಹಿಂದುಮುಂದಾಗಿ ಕುಳಿತಿದ್ದೆವು. ಬೋಧಕನು ಕೊಂಡಿಗಳನ್ನು ಒಂದೊಂದಾಗಿ ಸಿಕ್ಕಿಸಿ, ಪ್ರತಿಯೊಂದನ್ನೂ ನನ್ನ ಕೈಯಿಂದಲೇ ಮುಟ್ಟಿಸಿ ತೋರಿಸಿದನು. ಬಾಗಿಲು ಸರಿಯಿತು. ನನಗೆ ಭಯವಾಯಿತೆ ಎಂದು ಎಲ್ಲರೂ ಕೇಳುತ್ತಾರೆ. ಆಯಿತು. ಬಾಗಿಲಿನ ಅಂಚಿನಲ್ಲಿ ಕಾಲುಗಳನ್ನು ಹೊರಗೆ ಇಳಿಬಿಟ್ಟಾಗ ಷಡಕ್ಷರಿ ಮಂತ್ರವೂ ಪೂರ್ತಿಯಾಗಿ ನಾಲಿಗೆಗೆ ಬರಲಿಲ್ಲ. ತಲೆಯನ್ನು ಹಿಂದಕ್ಕೆ ಬಾಗಿಸಬೇಕು, ಕಾಲುಗಳನ್ನು ವಿಮಾನದ ಹೊಟ್ಟೆಯ ಕೆಳಕ್ಕೆ ಮಡಿಸಬೇಕು, ಕೈಗಳಿಂದ ಎದೆಪಟ್ಟಿಯನ್ನು ಹಿಡಿದಿರಬೇಕು. ಹೊಸಬನ ಕರ್ತವ್ಯ ಇಷ್ಟೇ. ಧುಮುಕುವವನು ಅವನಲ್ಲ, ಬೋಧಕನು.

ಅನಂತರದ ನಲವತ್ತೈದು ಸೆಕೆಂಡುಗಳಲ್ಲಿ ನಡೆದುದನ್ನು ವಿಜ್ಞಾನದ ಮೇಷ್ಟ್ರಾಗಿ ವಿವರಿಸಬೇಕು. ಉಯ್ಯಾಲೆ ಕೆಳಗಿಳಿಯುವಾಗ ಹೊಟ್ಟೆಯಲ್ಲಿ ಆಗುವ ಕಳವಳ ಇಲ್ಲಿ ಬಹಳವಾಗಿ ಆಗುತ್ತದೆಂದು ನಾನು ಹೆದರಿದ್ದೆ. ಆಗಲೇ ಇಲ್ಲವೆನ್ನಬೇಕು. ವಿಮಾನವು ಮುಂದಕ್ಕೆ ವೇಗವಾಗಿ ಓಡುತ್ತಿರುವುದರಿಂದ ಹೊರಬಿದ್ದ ಕೂಡಲೆ ದೇಹವು ಎದುರುಗಾಳಿಯಲ್ಲಿಯೇ ಇರುತ್ತದೆ. ನಿಶ್ಚಲವಾದ ಗಾಳಿಯಲ್ಲಿ ಕಲ್ಲನ್ನು ಕೈಬಿಟ್ಟಂತೆ ಅದು ಆರಂಭವಾಗುವುದಿಲ್ಲ. ಕೆಳಮುಖದ ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚುತ್ತದೆ, ಅದೂ ವೇಗದ ವರ್ಗಕ್ಕೆ ಅನುಗುಣವಾಗಿ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಹೀಗೆ ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ತಡೆಯು ದೇಹದ ತೂಕಕ್ಕೆ ಸಮನಾಗುತ್ತದೆ. ಕೆಳಗೆಳೆಯುವ ಬಲ, ಮೇಲೊತ್ತುವ ಬಲ ಇವೆರಡೂ ಸಮವಾದ ಮೇಲೆ ವೇಗ ಹೆಚ್ಚಲು ಕಾರಣವೇ ಉಳಿಯುವುದಿಲ್ಲ. ಇದನ್ನು ಚರಮ ವೇಗವೆನ್ನುತ್ತಾರೆ. ಹೊಟ್ಟೆ ಕೆಳಗಾಗಿ ಬೀಳುವ ಮನುಷ್ಯನಿಗೆ ಅದು ಗಂಟೆಗೆ ಸುಮಾರು 190ರಿಂದ 200 ಕಿಲೋಮೀಟರು. ಆಗ ದೇಹಕ್ಕೆ ತನ್ನ ತೂಕ ಪೂರ್ತಿಯಾಗಿ ತಿಳಿಯುತ್ತದೆ. ನೆಲದ ಬದಲು ಗಾಳಿ ಅದನ್ನು ಹೊತ್ತಿರುತ್ತದೆ, ಅಷ್ಟೇ ವ್ಯತ್ಯಾಸ. ನನ್ನ ಎದೆ, ಹೊಟ್ಟೆ, ತೊಡೆಗಳ ಕೆಳಗೆ ಗಾಳಿಯು ಬಿಗಿಯಾಗಿ ತುಂಬಿದ ಹುಲ್ಲಿನ ಮೂಟೆಯಂತೆ ಒತ್ತಿ ಹಿಡಿದಿತ್ತು. ಗಾಳಿ ಹಿಡಿದುಕೊಳ್ಳುತ್ತದೆಂದು ಆ ಹುಡುಗ ಬರೆದಿದ್ದ ಮಾತು ಅಕ್ಷರಶಃ ನಿಜ.

ತರಗತಿಯಲ್ಲಿ ನಾನು ಕಲಿಸಿದ ಸೂತ್ರವನ್ನೇ ಇಲ್ಲಿ ಹಚ್ಚಿ ನೋಡೋಣ. 12,000 ಅಡಿಯಿಂದ 5,000 ಅಡಿಗೆ, ಎಂದರೆ ಸುಮಾರು 2,130 ಮೀಟರುಗಳಷ್ಟು, ಗಾಳಿಯಿಲ್ಲದೆ ಬಿದ್ದರೆ ಇಪ್ಪತ್ತೊಂದು ಸೆಕೆಂಡು ಸಾಕು. ಕೊನೆಯ ವೇಗ ಗಂಟೆಗೆ ಏಳುನೂರು ಕಿಲೋಮೀಟರಿಗೂ ಅಧಿಕ. ನಿಜವಾಗಿ ಹಿಡಿದ ಕಾಲ ಅದರ ಎರಡರಷ್ಟು, ವೇಗ ಅದರ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಮಳೆಹನಿಯ ಲೆಕ್ಕವೂ ಹಾಗೆಯೇ. ಎರಡು ಕಿಲೋಮೀಟರ್ ಎತ್ತರದ ಮೋಡದಿಂದ ಅಡೆತಡೆಯಿಲ್ಲದೆ ಬಿದ್ದರೆ ಹನಿಯೂ ಗಂಟೆಗೆ ಏಳುನೂರು ಕಿಲೋಮೀಟರ್ ವೇಗದಲ್ಲಿ ನಮ್ಮನ್ನು ತಾಗಬೇಕು. ದಪ್ಪ ಹನಿಗಳೂ ಬರುವುದು ಸೆಕೆಂಡಿಗೆ ಎಂಟೊಂಬತ್ತು ಮೀಟರಿನಂತೆ ಮಾತ್ರ.

ಇಬ್ಬರು ಜೊತೆಗೂಡಿ ಬೀಳುವಾಗ ಇನ್ನೊಂದು ತೊಡಕು ಹುಟ್ಟುತ್ತದೆ. ತೂಕ ಇಬ್ಬರದು, ಆದರೆ ಒಬ್ಬರ ಮೇಲೊಬ್ಬರು ಇರುವುದರಿಂದ ಗಾಳಿಗೆ ಒಡ್ಡಿದ ಹರವು ಹೆಚ್ಚುಕಡಿಮೆ ಒಬ್ಬರದೇ. ಆದಕಾರಣ ಚರಮ ವೇಗ ಬಹಳ ಹೆಚ್ಚಿ, ಪ್ಯಾರಾಚೂಟು ಬಿಚ್ಚುವಾಗ ದೇಹಕ್ಕೂ ಬಟ್ಟೆಗೂ ತಡೆಯಲಾರದ ಪೆಟ್ಟು ಬೀಳುವುದು. ಇದನ್ನು ತಪ್ಪಿಸಲು ಹಾರಿದ ಕೆಲವೇ ಸೆಕೆಂಡುಗಳಲ್ಲಿ ಬೋಧಕನು ಡ್ರೋಗ್ ಎಂಬ ಪುಟ್ಟ ಪ್ಯಾರಾಚೂಟನ್ನು ಹಿಂದಕ್ಕೆ ಎಸೆಯುತ್ತಾನೆ. ಗಾಳಿಪಟದ ಬಾಲದಂತೆ ಅದು ಮೇಲೆ ನಿಂತು ಜೋಡಿಯ ವೇಗವನ್ನು ಒಬ್ಬನ ವೇಗಕ್ಕೆ ಇಳಿಸುತ್ತದೆ. ಮುಖ್ಯ ಪ್ಯಾರಾಚೂಟನ್ನು ಚೀಲದಿಂದ ಹೊರಕ್ಕೆಳೆಯುವುದೂ ಇದರ ಕೆಲಸವೇ. ಕೆಳಗಿನಿಂದ ನೋಡುವವರಿಗೆ ಕಾಣದಿರುವ ಈ ತುಂಡು ಬಟ್ಟೆಯೇ ಜೋಡಿ ಜಿಗಿತದ ಗುಟ್ಟು.

ಆಕಾಶದಲ್ಲಿ ನಮ್ಮ ಶರಣರು ಹೇಳುವ ಬಯಲಿನ ಅನುಭವವೇನಾದರೂ ಆಯಿತೆ ಎಂದು ಊರಿನಲ್ಲಿ ಹಿರಿಯರೊಬ್ಬರು ನನ್ನನ್ನು ಗಂಭೀರವಾಗಿಯೇ ಕೇಳಿದರು. ಇಲ್ಲವೆಂದು ಗಂಭೀರವಾಗಿಯೇ ಉತ್ತರಿಸಿದೆ. ಕಿವಿ ಕಿವುಡಾಗುವಂತೆ ಗಾಳಿ ಬೊಬ್ಬಿಡುತ್ತಿತ್ತು, ಮೂಗಿನಲ್ಲಿ ನೀರು, ಬಾಯಿ ತೆರೆದರೆ ಒಣಗುತ್ತಿತ್ತು. ನೆಲ ಮೇಲಕ್ಕೆ ನುಗ್ಗಿ ಬರುವಂತೆಯೂ ಕಾಣಲಿಲ್ಲ, ಏಕೆಂದರೆ ಅಷ್ಟು ದೂರದಲ್ಲಿ ಅಳತೆಗೆ ಸಿಗುವ ವಸ್ತು ಕಣ್ಣಿನ ಹತ್ತಿರ ಯಾವುದೂ ಇಲ್ಲ. ಸರೋವರವು ನೀಲಿ ತಟ್ಟೆಯಂತೆ ಇದ್ದಲ್ಲಿಯೇ ಇತ್ತು.

ಸುಮಾರು 5,000 ಅಡಿಯಲ್ಲಿ ಪ್ಯಾರಾಚೂಟು ಬಿಚ್ಚಿಕೊಂಡಿತು. ಯಾರೋ ಭುಜ ಹಿಡಿದು ಎತ್ತಿದಂತಾಗಿ ಕಾಲುಗಳು ಕೆಳಕ್ಕೆ ತೂಗಿದವು. ಗಂಟೆಗೆ ಇನ್ನೂರು ಕಿಲೋಮೀಟರಿನ ಓಟ ಮೂರು ನಾಲ್ಕು ಸೆಕೆಂಡುಗಳಲ್ಲಿ ಇಳಿಯಬೇಕಾದರೆ ಜಗ್ಗುವುದು ಸಹಜ. ದಾರಗಳ ನಡುವೆ ಮೇಲಿನಿಂದ ನಿಧಾನವಾಗಿ ಜಾರಿ ಬರುವ ಚೌಕಾಕಾರದ ಬಟ್ಟೆಯೊಂದು ರೆಕ್ಕೆಯನ್ನು ಒಮ್ಮೆಲೇ ಅರಳದಂತೆ ತಡೆಹಿಡಿಯುತ್ತದೆ. ಇಲ್ಲದಿದ್ದರೆ ಜಗ್ಗು ಇನ್ನೂ ಕಠೋರವಾಗಿರುತ್ತಿತ್ತು. ತಟ್ಟನೆ ನಿಶ್ಶಬ್ದ. ಬೋಧಕನು ಮಾತನಾಡಿದ್ದು ಕೇಳಿಸಿತು. ನಾನು ಮೊದಲು ಮಾಡಿದ ಕೆಲಸವೆಂದರೆ ಬಲಗೈಯಿಂದ ಎಡರಟ್ಟೆಯನ್ನು ಮುಟ್ಟಿ ನೋಡಿದುದು. ಗಂಟು ಇದ್ದಂತೆಯೇ ಇತ್ತು. ಐದಾರು ನಿಮಿಷ ತೇಲಿ, ಕೊನೆಗೆ ಕಾಲುಗಳನ್ನು ಮುಂದಕ್ಕೆ ಎತ್ತಿ, ಹುಲ್ಲಿನ ಮೇಲೆ ಕುಳಿತಂತೆಯೇ ಜಾರಿ ನಿಂತೆವು. ಮೊಣಕಾಲು ನೋವಿರುವವರು ಈ ಕಾಲೆತ್ತುವ ಅಭ್ಯಾಸವನ್ನು ಮೊದಲೇ ಮಾಡಿಕೊಳ್ಳುವುದು ಲೇಸು.

ಅಪಾಯವಿಲ್ಲವೆ? ಇದೆ. ಅಮೆರಿಕದ ಪ್ಯಾರಾಚೂಟ್ ಸಂಘದವರು ಪ್ರಕಟಿಸಿರುವ ಲೆಕ್ಕದಂತೆ ಜೋಡಿ ಜಿಗಿತದಲ್ಲಿ ಸುಮಾರು ಐದು ಲಕ್ಷ ಹಾರಾಟಗಳಿಗೆ ಹೊಸಬನೊಬ್ಬನ ಸಾವು. ಬೋಧಕನಾಗಲು ಅಲ್ಲಿಯ ನಿಯಮದಂತೆ ಮೂರು ವರ್ಷಗಳ ಅನುಭವ, 500 ಹಾರಾಟಗಳು ಕಡ್ಡಾಯ. ಆದರೆ ಪ್ಯಾರಾಚೂಟಿಗಿಂತ ಮೊದಲು ವಿಮಾನವಿದೆಯೆಂಬುದನ್ನು ಜನ ಮರೆಯುತ್ತಾರೆ. ನ್ಯೂಜಿಲೆಂಡಿನ ಫಾಕ್ಸ್ ಗ್ಲೇಸಿಯರ್ ಎಂಬಲ್ಲಿ 2010ರ ಸೆಪ್ಟೆಂಬರ್ 4ರಂದು ಇಂತಹ ವಿಮಾನವೊಂದು ನೆಲ ಬಿಟ್ಟ ಕೂಡಲೆ ಬಿದ್ದು, ಅದರಲ್ಲಿದ್ದ 9 ಮಂದಿಯೂ ಮಡಿದರು. ಅದಾದ ಮರುವರ್ಷ ಆ ದೇಶದಲ್ಲಿ ಸಾಹಸ ವಿಮಾನಯಾನಕ್ಕೆ ಪ್ರತ್ಯೇಕ ನಿಯಮಾವಳಿ ಜಾರಿಗೆ ಬಂದಿತು. ಇದಕ್ಕೆ ವ್ಯತಿರಿಕ್ತವಾದ ಘಟನೆ ಟೌಪೋದಲ್ಲಿಯೇ ನಡೆದಿದೆ. 2015ರ ಜನವರಿ 7ರಂದು ಸರೋವರದ ಮೇಲೆ ವಿಮಾನದ ಎಂಜಿನ್ ಕೆಟ್ಟಿತು. ಒಳಗಿದ್ದ ಹದಿಮೂವರೂ, ಚಾಲಕನೂ ಸೇರಿದಂತೆ, ಹೊರಕ್ಕೆ ಹಾರಿ ಬದುಕಿದರು, ವಿಮಾನವು ನೀರುಪಾಲಾಯಿತು. ಹಾರಲು ಹಣ ಕೊಟ್ಟವರು ಹಾರಿದ್ದರಿಂದಲೇ ಉಳಿದರು.

ನಮ್ಮ ದೇಶದಲ್ಲಿಯೂ ಈ ವಿದ್ಯೆ ಅಪರಿಚಿತವೇನಲ್ಲ. ಭಾರತೀಯ ವಾಯುಪಡೆಯ ಆಕಾಶಗಂಗಾ ತಂಡವು 1987ರಲ್ಲಿ ರೂಪುಗೊಂಡಿತು. 2019ರ ದಸರಾ ಸಮಯದಲ್ಲಿ ಮೈಸೂರಿನ ಬನ್ನಿಮಂಟಪ ಮೈದಾನದಲ್ಲಿ ಆ ತಂಡದವರು ಇಳಿದುದನ್ನು ನಮ್ಮ ಭಾಗದ ಅನೇಕರು ಕಣ್ಣಾರೆ ಕಂಡಿದ್ದಾರೆ. ರೇಚಲ್ ಥಾಮಸ್ ಎಂಬ ಮಹಿಳೆ 2002ರಲ್ಲಿ ಉತ್ತರ ಧ್ರುವದ ಮೇಲೆ ಹಾರಿ, 2005ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಸೇನೆಯ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವಿರುವುದು ನಮ್ಮ ಬೆಂಗಳೂರಿನಲ್ಲಿ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದಲೂ ಹಿಂದೆ ಸಾರ್ವಜನಿಕರಿಗಾಗಿ ಜಿಗಿತದ ಶಿಬಿರಗಳು ನಡೆದದ್ದುಂಟು. ಸಮುದ್ರ ದಾಟಿದವನೇ ಇದನ್ನು ಕಾಣಬೇಕೆಂದೇನಿಲ್ಲ.

ಮಾರ್ಚಿಯಲ್ಲಿ ಊರಿಗೆ ಬಂದವನು ಎರಡನೆಯ ದಿನವೇ ಆ ಹಳೆಯ ವಿದ್ಯಾರ್ಥಿಯನ್ನು ಹುಡುಕಿಕೊಂಡು ಹೋದೆ. ಅರಿಸಿನದ ಕಾಲ. ಬೇಯಿಸಿದ ಕೊಂಬುಗಳನ್ನು ಕಣದಲ್ಲಿ ಹರವಿ ಒಣಗಿಸುತ್ತಿದ್ದನು. ಎದ್ದು ನಿಂತು, ಕೈಯನ್ನು ಪಂಚೆಗೆ ಒರೆಸಿಕೊಂಡು, ಕುಳಿತುಕೊಳ್ಳಲು ಗೋಣಿ ಹಾಸಿದನು. ನಾನು 1991ರ ಪ್ರಶ್ನೆಯನ್ನೂ ಅವನ ಉತ್ತರವನ್ನೂ ನನ್ನ ಸೊನ್ನೆಯನ್ನೂ ಹೇಳಿ, ತಪ್ಪು ನನ್ನದೆಂದು ಹೇಳಿದೆ. ಸ್ವಲ್ಪ ಹೊತ್ತು ಅವನು ಮಾತನಾಡದೆ ಕೊಂಬುಗಳನ್ನು ಕೈಯಿಂದ ಹೊರಳಿಸುತ್ತಿದ್ದನು. ಮರೆತಿಲ್ಲವೆಂಬುದು ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಕೇಳಿದನು:

“ಹಂಗಾದ್ರೆ ಮೇಷ್ಟ್ರೇ, ಹನಿ ದಪ್ಪ ಆದಷ್ಟೂ ಜೋರಾಗಿ ಬೀಳಬೇಕಲ್ವ?”

ಹೌದು, ದಪ್ಪ ಹನಿಗೆ ಚರಮ ವೇಗ ಹೆಚ್ಚು ಎಂದೆ. ಆದರೆ ಐದಾರು ಮಿಲಿಮೀಟರಿಗಿಂತ ದಪ್ಪವಾದರೆ ಗಾಳಿಯ ಒತ್ತಡಕ್ಕೆ ಹನಿಯೇ ಒಡೆದು ಚೂರಾಗುವುದೆಂಬುದನ್ನೂ ತಿಳಿಸಿದೆ. ಅವನು ತಲೆಯಾಡಿಸಿದನು. ಅವನ ಮಗಳು ಆಗ ನಮ್ಮ ಶಾಲೆಯಲ್ಲಿಯೇ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಳು; ಜಗಲಿಯ ಮೇಲೆ ಪುಸ್ತಕ ಹಿಡಿದು ಕುಳಿತು ನಮ್ಮ ಮಾತನ್ನೆಲ್ಲ ಕೇಳುತ್ತಿದ್ದಳು. ಅವಳತ್ತ ತಿರುಗಿ, “ಮೇಷ್ಟ್ರು ಹೇಳಿದ್ದು ಬರ್ಕೊಳವ್ವ” ಎಂದನು.